ಅಜ್ಜಿಗೆ ಇಲ್ಲದ ಜ್ವರ

ನನ್ನ ಸಹಪಾಠಿ ಕೋಠಿಯ ಹಳೇ ಪುಸ್ತಕದಂಗಡಿಗೆ ಹೋದರೆ ಪುಸ್ತಕ ಕೊಳ್ಳದೆ, ಅಂಗಡಿಯವನಿಂದಲೇ ಚಹಾ ಕುಡಿದು ಬರುವಂಥ ಮಾತುಗಾರ. ನಾನು ದಿಲ್‌ಸುಖ್‌ನಗರದ ಬಸ್ಸಿನಲ್ಲಿ ‘ಇಳಿಯಬೇಕು’ ಎನ್ನಲು ಬಾಯಿ ಬಾರದೆ, ಬೇರೆ ಯಾರಾದರೂ ಇಳಿಯುವ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆಯುವವಳು. ತೆಲುಗು ಊರಿನ ಆ ಮೆಡಿಕಲ್ ಕಾಲೇಜಿನಲ್ಲಿ ನಮ್ಮಿಬ್ಬರದೂ ಕನ್ನಡದ ಮನೆ. ಹಾಗಾಗಿ ಬೀದರ್ ಕಡೆಯ ಅಜ್ಜಿಯೊಬ್ಬರು ವಾರ್ಡಿಗೆ ಬಂದಾಗ ಪ್ರೊಫೆಸರರು ನಮ್ಮಿಬ್ಬರನ್ನೂ ಕಳಿಸಿದರು. ಅವರನ್ನು ಮಾತಾಡಿಸಿ, ಕಾಯಿಲೆಯ ವಿವರ ತಿಳಿದು, ಮಂಚದ ಪಕ್ಕ ನಿಂತು ಒಪ್ಪಿಸಬೇಕು. ಗೆಳೆಯ ಹಿಂದಿನ ಸಲ ಕೆಡಿಸಿಕೊಂಡಿದ್ದ. ಈ ಸಲವೂ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅವನಿಗೆ ಎಲ್ಲರೆದುರೇ ಹೇಳಿಯಾಗಿತ್ತು.

ಅವನು ಶುರು ಮಾಡಿದ.

“ಅಜ್ಜಿ, ಕೆಮ್ಮು ಐತಲ್ರಿ?”

“ಐತಿ.”

“ಸಂಜಿ ಮುಂದ ಜ್ವರ ಬರ್ತಾವಲ್ರಿ?”

“ಹೂಂನಪ್ಪಾ, ಬರ್ತಾವ.”

“ರಾತ್ರಿ ಮೈ ಭಾಳ ಬೆವರ್ತೈತಲ್ರಿ?”

“ಬೆವರ್ತೈತಿ.”

ಅವನ ಮುಖ ಅರಳಿತು. ಕ್ಷಯ, ಪುಸ್ತಕದಲ್ಲಿದ್ದ ಹಾಗೇ. ತಲೆ ಬಾಚಿಕೊಂಡು ಬರುತ್ತೇನೆಂದು ಹೊರಗೆ ಹೋದ.

ನಾನು ಸ್ಟೂಲಿನ ಮೇಲೆ ಕುಳಿತೆ. ಏನು ಕೇಳುವುದೆಂದು ಹೊಳೆಯದೆ ಕುಳಿತೇ ಇದ್ದೆ. ಕೊನೆಗೆ ಅಜ್ಜಿಗೇ ತಡೆಯಲಾಗಲಿಲ್ಲ.

“ಯಾಕವ್ವಾ, ನಿನ್ನ ಪಾಲಿನ ಮಾತೂ ಅವನ ಆಡಿ ಹೋದ್ನೇನು?”

ನಕ್ಕೆ. ಅವರು ಹೇಳುತ್ತ ಹೋದರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ಗೋಡೆಗೆ ಒರಗಿಯೇ ನಿದ್ದೆ, ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಸುವುದಿಲ್ಲ. ಇದು ಹೃದಯದ ತೊಂದರೆಯಂತೆ ಕೇಳಿಸಿತು.

“ಮತ್ತ ಜ್ವರ?”

“ಎಲ್ಲೀ ಜ್ವರ! ಅಷ್ಟು ಆಸೇಲೆ ಕೇಳಾಕತ್ತಿದ್ದ, ಇಲ್ಲ ಅಂದ್ರ ಮಾರಿ ಸಣ್ಣ ಮಾಡ್ಕೋತಿದ್ದ. ಪಾಪ, ಪರೀಕ್ಷಾ ಐತಂತಲ್ಲ.”

ಬರೀ ಅಕ್ಕರೆಯಿಂದ ಜ್ವರವೊಂದು ಹುಟ್ಟಿದ್ದನ್ನು ಕಣ್ಣೆದುರೇ ಕಂಡಿದ್ದೆ, ಕಂಡು ನಂಬಿಯೂ ಇದ್ದೆ.

ಅಷ್ಟರಲ್ಲಿ ಪ್ರೊಫೆಸರರು ಬಂದರು, ಹಿಂದೆಯೇ ಬಾಚಿದ ತಲೆ. ಅವನು ಒಪ್ಪಿಸತೊಡಗಿದ. ನಾನು ಅವನ ಕೋಟಿನ ತೋಳು ಎಳೆದೆ. ಹುರಿದುಂಬಿಸುತ್ತಿದ್ದೇನೆಂದುಕೊಂಡು ಅವನು ದನಿ ಏರಿಸಿದ. ಸಂಜೆಯ ಜ್ವರಕ್ಕೆ ಬರುವಷ್ಟರಲ್ಲಿ ನನ್ನ ಬಾಯಿಂದ “ಇಲ್ಲ” ಎಂದು ಬಂದುಬಿಟ್ಟಿತು, ಕನ್ನಡದಲ್ಲಿ. ತೆಲುಗಿನ ಪ್ರೊಫೆಸರರಿಗೆ ಅಷ್ಟು ಕನ್ನಡ ಸಾಕಾಯಿತು.

ನಾನು ತಿಳಿದದ್ದನ್ನು ಹೇಳಿದೆ. ಕೇಳಿಸಿಕೊಳ್ಳಲು ಅವರು ಬಗ್ಗಬೇಕಾಯಿತು. ಆಮೇಲೆ ಗೆಳೆಯನನ್ನು ಸ್ಟೂಲಿನ ಮೇಲೆ ಕೂರಿಸಿದರು. ಒಂದೇ ಪ್ರಶ್ನೆ ಕೇಳಿ, ನಂತರ ಬಾಯಿ ಮುಚ್ಚಿಕೊಂಡಿರಬೇಕು ಎಂದರು.

“ಏನ್ ತ್ರಾಸ ಆಗತೈತ್ರಿ, ಅಜ್ಜಿ?” ಎಂದು ಕೇಳಿ ಅವನು ತುಟಿ ಬಿಗಿದುಕೊಂಡ.

ಅಜ್ಜಿ ಗಾಬರಿಯಿಂದ ನನ್ನತ್ತ ತಿರುಗಿದರು. “ಇವಂಗೇನಾತವ್ವಾ? ಆಗ ಚಲೋ ಇದ್ನಲ್ಲ!”

ಆದರೂ ಹೇಳಿದರು. ಅವನು ಕೇಳಿದ, ಕೇಳಿದಷ್ಟನ್ನೇ ಒಪ್ಪಿಸಿದ. ಪ್ರೊಫೆಸರರು ಅವನಿಗೆ ಪರೀಕ್ಷೆಗೆ ಕೂರಲು ಒಪ್ಪಿಗೆ ಕೊಟ್ಟು, ಮುಂದಿನ ಸಲ ನಾನು ಒಪ್ಪಿಸಬೇಕು, ಜೋರಾಗಿ, ಎಂದರು.

ನಾವು ಹೊರಡುವಾಗ ಅಜ್ಜಿ ಅವನನ್ನು ಹತ್ತಿರ ಕರೆದು ಮೆಲ್ಲಗೆ ಹೇಳಿದರು: “ಜ್ವರ ಬೇಕಾದ್ರ ಇನ್ನೂ ಹೂಂ ಅಂತೀನಪ್ಪಾ.”

“ಬ್ಯಾಡ್ರಿ,” ಎಂದ. ಅಷ್ಟೇ ಎಂದ.