ಎಮ್ಮೆಯ ಕಿವಿ ಕೆದಕುತ್ತಿದ್ದ ಮಂಗ

ಅವ್ವ ಬಾಣಂತನದಲ್ಲಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅಳುತ್ತಿದ್ದದ್ದು ಕೂಸು ಮಾತ್ರ. ಉಳಿದವರೆಲ್ಲ ಕೆಲಸ ಮಾಡುತ್ತಿದ್ದೆವು. ಅಪ್ಪ ನಸುಕಿನಲ್ಲೇ ಸ್ನಾನ ಮಾಡಿ, ಮಡಿಯುಟ್ಟು, ಹನುಮಪ್ಪನ ಗುಡಿಯ ಪೂಜೆ ಮುಗಿಸಿ, ಬಂದು ಕೋಟು ಹಾಕಿಕೊಂಡು ಬೆಟಗೇರಿಯ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದರು. ಅವ್ವ ಇದ್ದಾಗಲೂ ಹಾಗೇ, ಹೋದ ಮೇಲೂ ಹಾಗೇ. ನನ್ನನ್ನು ಶಾಲೆ ಬಿಡಿಸಿ ಮನೆಯಲ್ಲಿ ಇರಿಸಿಕೊಂಡರು. ಕಸ, ನೀರು, ಒಲೆ, ಕೂಸು, ಯಾವುದರ ಹಿಂದೆ ಯಾವುದು ಎಂದು ಅವರೇ ಗೊತ್ತುಮಾಡಿಕೊಟ್ಟರು. ಅದರಿಂದ ಒಂದು ಅನುಕೂಲವಿತ್ತು. ಮುಂದೆ ಏನು ಮಾಡಬೇಕು ಎಂದು ಕೇಳಿಕೊಳ್ಳುವ ಹೊತ್ತೇ ಬರುತ್ತಿರಲಿಲ್ಲ.

ಆ ಕೂಸು, ನನ್ನ ತಮ್ಮ, ಬದುಕಿದ್ದು ನಮ್ಮ ಎಮ್ಮೆಯ ಹಾಲಿನ ಮೇಲೆ. ಕೂಸಿಗೆ ಒಂದೇ ಎಮ್ಮೆಯ ಹಾಲು ಹಾಕಬೇಕು, ಬದಲಿಸಬಾರದು ಎಂದು ವೈದ್ಯರು ಹೇಳಿದ್ದರು. ಅದು ಖರೆಯೇ ಇತ್ತು. ನೆರೆಮನೆಯ ಹಾಲು ಹಾಕಿದರೆ ಕೂಸು ಎಲ್ಲವನ್ನೂ ಕಕ್ಕಿಬಿಡುತ್ತಿತ್ತು.

ಆಗ ಎಮ್ಮೆಯ ಕರು ಸತ್ತಿತು. ನಮ್ಮ ಕಡೆ ಅದಕ್ಕೊಂದು ಪದ್ಧತಿ ಇದೆ. ಸತ್ತ ಕರುವಿನ ಚರ್ಮ ಸುಲಿಸಿ, ಒಳಗೆ ಜೋಳದ ಕಣಿಕೆ-ಹೊಟ್ಟು ತುಂಬಿ ಹೊಲಿದು ಎಮ್ಮೆಯ ಮುಂದೆ ನಿಲ್ಲಿಸುತ್ತಾರೆ. ತನ್ನ ಕರುವೆಂದೇ ತಿಳಿದು ನೆಕ್ಕುತ್ತ ಅದು ಹಾಲಿಳಿಸುತ್ತದೆ. ನಮ್ಮ ಎಮ್ಮೆ ಒಮ್ಮೆ ಮೂಸಿ ನೋಡಿ ಮೋರೆ ತಿರುವಿತು. ಹಿಂಡಲು ಕೂತ ಅಪ್ಪನ ತಮ್ಮ, ನಮ್ಮ ಕಾಕಾನ ತಂಬಿಗೆಯನ್ನು ಒದ್ದು ಉರುಳಿಸಿತು.

"ನಿನಗಿಂತ ಶಾಣ್ಯಾ ಐತಿ ನೋಡಪಾ ಅದು," ಎಂದಳು ಆಯಿ, ಅಪ್ಪನ ತಾಯಿ.

"ಶಾಣ್ಯಾ ಇದ್ರ ಅಣ್ಣನ ಶಾಲಿಗೆ ಕಳಸು. ನನ್ನ ಮೊಣಕಾಲು ಯಾಕ ಮುರೀತೈತಿ?" ಎಂದ ಕಾಕಾ.

ಗುಡಿಯ ಆಲದ ಮರದಲ್ಲಿ ಮಂಗಗಳ ಹಿಂಡು ಇತ್ತು. ಅದರಲ್ಲೊಂದು ಮುದಿ ಹೆಣ್ಣುಮಂಗ ಹುಲ್ಲಿನ ಕರುವಿನ ಹೊಲಿಗೆ ಬಿಚ್ಚಿ, ಕಣಿಕೆಯಲ್ಲಿ ಉಳಿದ ಜೋಳದ ಕಾಳು ಆರಿಸಲು ಬಂತು. ಕರುವಿನ ಹೊಟ್ಟೆ ಬರಿದಾದ ಮೇಲೆ ಎಮ್ಮೆಯ ಬೆನ್ನೇರಿತು. ಎಮ್ಮೆ ಕೊಡವಲಿಲ್ಲ. ಮಂಗ ಅದರ ಕೊಂಬು ಹಿಡಿದು ಕೂತು, ಕಿವಿ ಮಗುಚಿ, ಉಣ್ಣಿ ಕಿತ್ತು ಬಾಯಿಗೆ ಹಾಕಿಕೊಳ್ಳತೊಡಗಿತು. ಎಮ್ಮೆ ಕಣ್ಣು ಅರ್ಧ ಮುಚ್ಚಿ ಕತ್ತು ಚಾಚಿತು. ನೋಡುತ್ತಿದ್ದ ಹಾಗೆಯೇ ಕೆಚ್ಚಲಿನಿಂದ ಹಾಲು ತೊಟ್ಟಿಕ್ಕಿತು.

"ಏ, ಜಲ್ದಿ ತಂಬಿಗಿ ತಾ!" ಎಂದು ಕಾಕಾ ಕೂಗಿದ.

ಅಂದಿನಿಂದ ಎರಡು ಹೊತ್ತೂ ಮಂಗ ಬರುವುದು, ಕಾಕಾ ಹಿಂಡುವುದು. ಅಪ್ಪ ಇದನ್ನು ಹನುಮಪ್ಪನ ಕೃಪೆ ಎಂದರು. ದೇವರೇ ಬಂದು ನಡೆಸಿಕೊಡುತ್ತಿರುವಾಗ ಸತ್ತ ಚರ್ಮ ಯಾಕೆ ಎಂದು ಹುಲ್ಲಿನ ಕರುವನ್ನು ಊರಾಚೆ ಹಾಕಿಸಿಬಿಟ್ಟರು. ಇನ್ನೊಂದು ದಾರಿ ಇಟ್ಟುಕೊಳ್ಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೀಗಿರುವಾಗ ಕನ್ನಡ ನಾಡು ಒಂದಾಯಿತು. ಮುಂಬಯಿ ಪ್ರಾಂತ್ಯದಲ್ಲಿದ್ದ ನಮ್ಮ ಗದಗು ನಮ್ಮದೇ ರಾಜ್ಯಕ್ಕೆ ಸೇರಿತು. ಬೆಳಗಿನಿಂದ ಬಾಜಾ, ಮೆರವಣಿಗೆ, ಮನೆಮನೆಗೆ ತೋರಣ. ಅಪ್ಪ ಶಾಲೆಯ ಹುಡುಗರನ್ನು ಸಾಲಾಗಿ ನಡೆಸಿಕೊಂಡು ಹೋದರು. ಗುಡಿಯ ಮುಂದೆ ಜನ ಗರ್ನಾಲು ಹಾರಿಸಿದರು. ಮೊದಲನೆಯದು ಸಿಡಿದಾಗಲೇ ಆಲದ ಮರ ಖಾಲಿಯಾಯಿತು. ಹಿಂಡು ಮಾಳಿಗೆಯಿಂದ ಮಾಳಿಗೆಗೆ ಹಾರುತ್ತ ಮಲ್ಲಸಮುದ್ರದ ಕಡೆ ಹೋಯಿತು. ಮುದಿ ಮಂಗವೂ ಹೋಯಿತು.

ಅಂದು ಸಂಜೆ ಎಮ್ಮೆ ಹಾಲು ಕೊಡಲಿಲ್ಲ. ಬೇರೆ ಹಾಲು ತಂದು ಹಾಕಿದೆ, ಕೂಸು ಕಕ್ಕಿತು. ಸಕ್ಕರೆ ನೀರು ಕುಡಿಸಿದೆ. ಬೆಳಗಾಗುವಷ್ಟರಲ್ಲಿ ಅದು ಅಳುವುದನ್ನೂ ನಿಲ್ಲಿಸಿತ್ತು. ತೊಡೆಯ ಮೇಲೆ ಹಾಕಿಕೊಂಡರೆ ಒದ್ದೆ ಅರಿವೆಯ ಹಾಗೆ ಬೀಳುತ್ತಿತ್ತು. ಆಯಿ ಅದರ ನೆತ್ತಿ ಮುಟ್ಟಿ ನೋಡಿದಳು. ಗುಂಡಿ ಬಿದ್ದಿತ್ತು. ನನಗೆ ಹೆದರಿಕೆ ಆಗಲಿಲ್ಲ. ಏನೂ ಆಗಲಿಲ್ಲ. ಒಲೆ ಹೊತ್ತಿಸಿ ನೀರು ಕಾಯಲಿಟ್ಟೆ.

ಅಪ್ಪ ಮಡಿಯುಟ್ಟು ಪೂಜೆಯ ತಟ್ಟೆ ಹಿಡಿದು ಹೊರಟಿದ್ದರು. ಕೂಸಿನ ಮುಂದೆ ನಿಂತು ನೋಡಿದರು. ತಟ್ಟೆಯನ್ನು ಕಟ್ಟೆಯ ಮೇಲಿಟ್ಟು ನೇರ ಎಮ್ಮೆಯ ಹತ್ತಿರ ನಡೆದರು. ಮಡಿಯಲ್ಲಿ ಅವರು ನಮ್ಮನ್ನೂ ಮುಟ್ಟುತ್ತಿರಲಿಲ್ಲ. ಮೇವು ಹಾಕುವ ಗೋದಲಿಯ ಮೇಲೆ ಹತ್ತಿ ಕೂತು ಎಮ್ಮೆಯ ಕೊಂಬು ಹಿಡಿದರು.

"ಹೆಂಗ ಮಾಡ್ತಿತ್ತು ಅದು?" ಎಂದು ನನ್ನನ್ನು ಕೇಳಿದರು.

"ಕಿವಿ ಮಗಚಬೇಕಪ್ಪಾ. ಹಿಂದ ಅಲ್ಲ, ಬುಡಕ್ಕ. ಉಗುರಿಲೆ ಸಾವಕಾಶ."

ಎಮ್ಮೆ ತಲೆ ಕೊಡವಿತು. ಅಪ್ಪ ಬಿಡಲಿಲ್ಲ. ಕಾಕಾ ತಂಬಿಗೆ ಹಿಡಿದು ಕೆಳಗೆ ಕೂತಿದ್ದ.

"ಅಣ್ಣಾ, ಅದು ಉಣ್ಣಿ ತಿಂತಿತ್ತು. ನೀ ಅಷ್ಟು ಮಾಡೂದು ಬ್ಯಾಡ," ಎಂದ.

"ಮುಚ್ಚಲೇ ಬಾಯಿ," ಎಂದರು ಅಪ್ಪ. ಅವರ ಬೆರಳು ನಿಲ್ಲಲಿಲ್ಲ.

ಗುಡಿಯ ಮುಂದೆ ಕಾಯುತ್ತಿದ್ದವರು ಮನೆಯವರೆಗೂ ಬಂದರು. "ಪೂಜಿ ಯಾವಾಗ್ರೀ ಮಾಸ್ತರ?" ಎಂದು ಒಬ್ಬರು ಬಾಗಿಲಲ್ಲಿ ನಿಂತು ಕೇಳಿದರು. ಅಪ್ಪ ತಿರುಗಿ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ ಎಮ್ಮೆ ಕತ್ತು ಸಡಿಲ ಬಿಟ್ಟಿತು. ತಂಬಿಗೆಯ ತಳಕ್ಕೆ ಹಾಲು ಬಿದ್ದ ಸದ್ದಾಯಿತು.

ಸಿಕ್ಕದ್ದು ಸ್ವಲ್ಪವೇ. ಸೋಸಿ, ನೀರು ಬೆರೆಸಿ ಕಾಸಿ, ಆರಿಸಿ, ಒಳಲೆಯಲ್ಲಿ ಹಾಕಿದೆ. ಮೊದಲಿನ ಗುಟುಕು ಕಟಬಾಯಿಂದ ಹೊರಗೆ ಹರಿಯಿತು. ಆಯಿ ಗಲ್ಲ ಸವರಿದಳು. ಆಮೇಲಿನದು ಒಳಗೆ ಹೋಯಿತು, ಅದರ ಆಚಿನದೂ. ಕೂಸು ಕಕ್ಕಲಿಲ್ಲ. ಬಾವಿಯ ಕಡೆಯಿಂದ ನೀರು ಸುರಿಯುವ ಸಪ್ಪಳ ಕೇಳಿಸಿತು. ಅಪ್ಪ ಎರಡನೆಯ ಸಲ ಸ್ನಾನ ಮಾಡುತ್ತಿದ್ದರು. ಸಂಜೆಯೂ ಹಾಗೆಯೇ ಮಾಡಿದರು. ಎಮ್ಮೆ ಬತ್ತುವವರೆಗೂ ಅವರ ದಿನದಲ್ಲಿ ಪೂಜೆಗಿಂತ ಮೊದಲು ಎಮ್ಮೆಯ ಕಿವಿ ಬಂತು.

ನಾನು ಆಗ ಸಂತೋಷಪಡಬೇಕಿತ್ತು ಎಂದು ಈಗ ಅನಿಸುತ್ತದೆ. ಆ ಬೆಳಿಗ್ಗೆ ಕೂಸು ಹಾಲು ಕುಡಿದು ನಿದ್ದೆ ಹೋಯಿತು. ಅದನ್ನು ಆಯಿಯ ತೊಡೆಗೆ ಕೊಟ್ಟು, ಹಾಲು ಕಾಸಿದ್ದ ಒಲೆಯನ್ನು ಒರೆಸಲು ಎದ್ದೆ.