ಜತ್ತಪ್ಪನ ಕಾರಿಗೆ ವಾರಸುದಾರ ಯಾರು

"ಅಕ್ಕಾ, ನೀನು ಮೊದಲು ನಗುವುದನ್ನು ನಿಲ್ಲಿಸು, ಮತ್ತೆ ಹೇಳ್ತೇನೆ. ಬೆಳುವಾಯಿಯ ತುಕ್ರಪ್ಪನ ಮನೆಗೆ ಪಂಪಿನ ಇಂಜಿನು ರಿಪೇರಿಗೆ ಹೋದವನು ನಾನು. ಕೈ ತೊಳೆಯಲಿಕ್ಕೆ ನೀರು ಎಲ್ಲುಂಟು ಅಂತ ದನದ ಹಟ್ಟಿಯ ಹಿಂದೆ ಹೋದೆ. ಬೈಹುಲ್ಲಿನ ರಾಶಿಯ ಒಳಗಿನಿಂದ ಎರಡು ಕಣ್ಣು ನನ್ನನ್ನೇ ನೋಡ್ತಾ ಉಂಟು! ಕೋಣ ಅಂತಲೇ ಎಣಿಸಿದೆ. ಕೋಣ ಆದರೆ ಒಮ್ಮೆಯಾದರೂ ಕಣ್ಣು ಮುಚ್ಚಬೇಕಲ್ಲ, ಇದು ಮುಚ್ಚುವುದೇ ಇಲ್ಲ. ಹುಲ್ಲು ಎಳೆದರೆ, ಲೈಟು! ಇನ್ನೂ ಎಳೆದೆ, ಬಾನೆಟ್ಟು. ಇನ್ನೂ ಎಳೆದೆ, ಸ್ಟೇರಿಂಗಿನ ಮೇಲೆ ಒಂದು ಕೆಂಪು ಹೇಂಟೆ ಕೋಳಿ ಕೂತುಕೊಂಡು, ನೀನು ಯಾರ ಮನೆಯವನು ಅಂತ ಕೇಳುವ ಹಾಗೆ ಕತ್ತು ಓರೆ ಮಾಡಿತು. ತುಕ್ರಪ್ಪ ಹೇಳ್ತಾನೆ, ಯುದ್ಧದ ಕಾಲದಲ್ಲಿ ಬೆಳ್ತಂಗಡಿಯ ಡಾಕ್ಟರೊಬ್ಬರು ಅವನ ಅಜ್ಜಿಗೆ ಮದ್ದು ಕೊಡಲಿಕ್ಕೆ ಇದರಲ್ಲೇ ಬಂದದ್ದಂತೆ. ಹಿಂದೆ ಹೋಗುವಾಗ ಇದು ಹೊರಡಲಿಲ್ಲ. ಪೆಟ್ರೋಲು ಸಿಕ್ಕಿದ ದಿನ ಬರ್ತೇನೆ ಅಂತ ಎತ್ತಿನ ಗಾಡಿ ಹತ್ತಿ ಹೋದವರು ಬರಲೇ ಇಲ್ಲ. ಹದಿನೈದು ವರ್ಷ ಆಯಿತು. 'ಬೇಕಾದರೆ ತೆಗೊಂಡು ಹೋಗು ಮಾರಾಯ, ನನಗೆ ಹುಲ್ಲು ಇಡಲಿಕ್ಕೆ ಜಾಗ ಇಲ್ಲ' ಅಂದ. ಅಕ್ಕಾ, ಅದಕ್ಕೆ ಜೀವ ಉಂಟು. ನಾನು ಹ್ಯಾಂಡಲು ಹಾಕಿ ನೋಡಿದೆ. ತಿರುಗಲಿಲ್ಲ, ಆದರೆ ಒಳಗೆ ಏನೋ 'ಗುರ್' ಅಂತು."

"ಅದು ಹೇಂಟೆ ಇರಬೇಕು," ಅಂದೆ ನಾನು.

ಜತ್ತಪ್ಪ ನನ್ನ ತಮ್ಮ. ಬಂಟ್ವಾಳ ಪೇಟೆಯಲ್ಲಿ ಒಂದು ಬಸ್ಸಿನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷ ಸ್ಪಾನರು ಹಿಡಿದವನು. ಸತ್ತ ಇಂಜಿನುಗಳನ್ನು ಎಬ್ಬಿಸಿ, ಗಾಡಿಯನ್ನು ಗ್ಯಾರೇಜಿನ ಗೇಟಿನವರೆಗೆ ಓಡಿಸಿಕೊಂಡು ಬಂದು, ಅಲ್ಲಿ ಇಳಿದು, ಡ್ರೈವರನಿಗೆ ಬಿಟ್ಟುಕೊಡುವುದು ಅವನ ಕೆಲಸ. ಗೇಟಿನ ಆಚೆ ಓಡಿಸುವವರು ಯಾವಾಗಲೂ ಬೇರೆ. ಊಟಕ್ಕೆ ಕೂತಾಗ ಒಮ್ಮೊಮ್ಮೆ ಹೇಳುತ್ತಿದ್ದ, "ಒಂದು ಗಾಡಿಯನ್ನಾದರೂ ಗೇಟು ದಾಟಿಸಬೇಕು ಅಕ್ಕಾ, ಸಾಯುವುದರೊಳಗೆ." ಆದಕಾರಣ ಕಾರಿನ ಹುಚ್ಚು ಹಿಡಿದಾಗ ನಾನು ನಕ್ಕದ್ದು ನಿಜ, ಬೇಡ ಅಂದವಳಲ್ಲ.

ಬೇಡ ಅಂದವಳು ಅವನ ಹೆಂಡತಿ ದಮಯಂತಿ. ಅವಳಿಗೆ ಅವಳದೇ ಕಾರಣ ಉಂಟು. ನಮ್ಮದು ಅಳಿಯಕಟ್ಟು. ಗಂಡಸು ಮಾಡಿಟ್ಟದ್ದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಾದ ಅಳಿಯಂದಿರಿಗೆ. ಅಂದರೆ ಜತ್ತಪ್ಪನ ಕಾರು ಮುಂದೆ ಅವನ ಮಗಳು ಕುಸುಮಳಿಗಲ್ಲ, ನನ್ನ ಮಗ ಭೋಜನಿಗೆ.

"ಎಣ್ಣೆ ಹಾಕುವುದು ಇವರು, ತೊಳೆಯುವುದು ನಾನು, ಕಾಲು ಚಾಚಿ ಕೂರುವುದು ಭೋಜ," ಅಂತ ದಮಯಂತಿ ಪಾತ್ರೆಗಳಿಗೆ ಹೇಳುತ್ತಿದ್ದಳು, ನನಗೆ ಕೇಳುವ ಹಾಗೆ.

"ಭೋಜನಿಗೆ ಸೈಕಲ್ಲೇ ಬರುವುದಿಲ್ಲ ದಮಯಂತಿ," ಅನ್ನುತ್ತಿದ್ದೆ.

"ಬಾರದವನಿಗೇ ಸಿಗುವುದು ಅತ್ತಿಗೆ, ನಮ್ಮಲ್ಲಿ."

ಬೆಳುವಾಯಿಯಿಂದ ಕಾರು ಬಂದದ್ದು ತುಕ್ರಪ್ಪನ ಎರಡು ಕೋಣಗಳ ಹಿಂದೆ, ಹಗ್ಗ ಕಟ್ಟಿಕೊಂಡು, ಮೂಡಬಿದಿರೆ ಪೇಟೆಯ ಮಧ್ಯದಲ್ಲಿಯೇ. ಎರಡು ದಿನ ಹಿಡಿಯಿತು. ಜತ್ತಪ್ಪ ಸ್ಟೇರಿಂಗು ಹಿಡಿದು ಕೂತು, ತಿರುವು ಬಂದಾಗೆಲ್ಲ ಕೋಣಗಳ ಹಿಂದಿನಿಂದ ಕೈ ಹೊರಗೆ ಹಾಕಿ ತೋರಿಸಿದನಂತೆ. ಕೆಂಪು ಹೇಂಟೆ ಹಿಂದಿನ ಸೀಟಿನಿಂದ ಏಳಲೇ ಇಲ್ಲ. ಕಾರಿನ ಜೊತೆ ಅದೂ ನಮ್ಮ ಮನೆಗೆ ಬಂತು.

ಈಗ ಕಾರು ಯಾರದ್ದು ಅಂತ ಗೊತ್ತಾಗಬೇಕು. ನಂಬರು ಹಲಗೆಯ ತುಕ್ಕನ್ನು ಜತ್ತಪ್ಪ ಸೀಮೆಎಣ್ಣೆ ಹಾಕಿ ಮೂರು ದಿನ ಉಜ್ಜಿದ. ಅಡಿಯಲ್ಲಿ ಹಳೆಯ ನಂಬರು ಕಂಡಿತು. ಅದನ್ನು ಬರೆದುಕೊಂಡು ಮಂಗಳೂರಿನ ಕಚೇರಿಗೆ ಹೋದ. ಅಲ್ಲಿಯ ಗುಮಾಸ್ತರು ಗೆದ್ದಲು ತಿಂದು ಉಳಿಸಿದ ಪುಸ್ತಕವನ್ನು ತೆಗೆದು ನೋಡಿ, "ಡಾಕ್ಟರ್ ಕೊಗ್ಗ ಶೆಣೈ, ಬೆಳ್ತಂಗಡಿ," ಅಂದರಂತೆ. ಡಾಕ್ಟರು ತೀರಿಹೋಗಿದ್ದರೆ ಅವರ ವಾರಸುದಾರರಿಂದ ಕಾಗದ ತರಬೇಕು, ಕಾಗದ ಬಂದರೆ ಹೆಸರು ಬದಲಿಸುವ ಅಂತ ಹೇಳಿ ಕಳಿಸಿದರು.

ಬೆಳ್ತಂಗಡಿಯಲ್ಲಿ ವಿಚಾರಿಸಿದರೆ ಡಾಕ್ಟರು ತೀರಿಹೋಗಿ ಹದಿಮೂರು ವರ್ಷ. ಜತ್ತಪ್ಪ ಕೇಳಿದ ಎರಡನೆಯ ಪ್ರಶ್ನೆ, "ಡಾಕ್ಟರಿಗೆ ಅಕ್ಕತಂಗಿಯರು ಇದ್ದಾರಾ?"

ಒಬ್ಬಳು ತಂಗಿ ಇದ್ದಳಂತೆ. ಅವಳ ಮಗ ಪಾಂಡುರಂಗ ಪ್ರಭು, ಮೂಡಬಿದಿರೆಯಲ್ಲಿ ಜಿನಸಿನ ಅಂಗಡಿ. ಜತ್ತಪ್ಪ ಬಾಳೆಹಣ್ಣು, ವೀಳ್ಯದೆಲೆ ಹಿಡಿದುಕೊಂಡು ಅಲ್ಲಿಗೆ ಹೋದ. ಪ್ರಭುಗಳು ಕೊತ್ತಂಬರಿ ತೂಗುತ್ತಿದ್ದರು.

"ನಿಮ್ಮ ಸೋದರಮಾವನ ಕಾರು ನನ್ನ ಹತ್ತಿರ ಉಂಟು. ನೀವು ದೊಡ್ಡ ಮನಸ್ಸು ಮಾಡಬೇಕು," ಅಂದ ಇವನು.

"ಆ ಹಳೇ ಡಬ್ಬಾ? ಇಟ್ಟುಕೊಳ್ಳಿ ಮಾರಾಯ್ರೆ. ನನ್ನದು ಏನೂ ತಕರಾರಿಲ್ಲ."

"ಹಾಗಂತ ಎರಡು ಅಕ್ಷರ ಬರೆದು ಕೊಟ್ಟರೆ..."

"ಬರೆದು ಕೊಡುವ, ಅದಕ್ಕೇನು. ಆದರೆ ಮಾವನಿಗೆ ಮಗ ಇದ್ದಾನೆ, ಬೊಂಬಾಯಿಯಲ್ಲಿ."

"ಇರಲಿ, ಪಾಪ," ಅಂದ ಜತ್ತಪ್ಪ.

ಪ್ರಭುಗಳು ಒಮ್ಮೆ ಇವನ ಮುಖ ನೋಡಿ, ಜೀರಿಗೆ ಕಟ್ಟುವ ಕಾಗದದ ಹಿಂದೆ "ತಕರಾರಿಲ್ಲ" ಅಂತ ಬರೆದು ರುಜು ಹಾಕಿ ಕೊಟ್ಟರು. ಜತ್ತಪ್ಪ ಅದನ್ನು ತಂದು ದೇವರ ಪಟದ ಹಿಂದೆ ಸಿಕ್ಕಿಸಿ, ಕೈ ಮುಗಿದ. ಕಾರು ಓಡಲಿ, ಮತ್ತೆ ಕಚೇರಿಗೆ ಕೊಂಡುಹೋಗುವ ಅಂತ ಲೆಕ್ಕ. ಮಗನ ಸುದ್ದಿ ಮನೆಯಲ್ಲಿ ಹೇಳಿದಾಗ ನನಗೂ ಏನೂ ಅನಿಸಲಿಲ್ಲ. ಮಗನಿಗೂ ಅಪ್ಪನ ಕಾರಿಗೂ ಏನು ಸಂಬಂಧ?

ಎರಡು ವರ್ಷ ರಿಪೇರಿ. ಗ್ಯಾರೇಜು ಬಿಟ್ಟು ಬಂದು, ಚಾ ಕುಡಿದು, ಕಾರಿನ ಅಡಿಗೆ ಹೋಗಿ ಮಲಗಿದರೆ ಕಾಲು ಮಾತ್ರ ಕಾಣುವುದು. ಆ ಕಾಲುಗಳ ಹತ್ತಿರವೇ ನಾವು ಎಲ್ಲ ಮಾತು ಆಡಿದ್ದು. ಕುಸುಮಳಿಗೆ ಸಂಬಂಧ ಬಂದಾಗಲೂ ಕಾಲುಗಳ ಒಪ್ಪಿಗೆ ಕೇಳಿದ್ದು. ಹೆಬ್ಬೆರಳು ಆಡಿಸಿ "ಆಗಬಹುದು" ಅಂದ.

ಸಾಮಾನು ಕೊಡುತ್ತಿದ್ದವನು ಗುಜರಿಯ ಅಬ್ದುಲ್ ಶುಕೂರ್. ವಾರಕ್ಕೊಮ್ಮೆ ಚೀಲ ಹೊತ್ತುಕೊಂಡು ಬರುತ್ತಿದ್ದ.

"ಜತ್ತಪ್ಪಣ್ಣಾ, ಇದು ಅಕ್ಕಿ ಮಿಲ್ಲಿನ ಇಂಜಿನಿನದ್ದು. ನಿಮ್ಮ ಕಾರಿಗೆ ಆಗ್ತದಾ ನೋಡಿ."

"ಆಗ್ತದೆ. ಅರದಿಂದ ಉಜ್ಜಿದರೆ ಎಂತದೂ ಆಗ್ತದೆ."

"ಮತ್ತೆ ಕಾರು ಓಡುವ ಬದಲು ಅಕ್ಕಿ ಮಾಡಿದರೆ ನನ್ನನ್ನು ಬೈಬೇಡಿ!"

ಬಾಗಿಲ ಹಿಡಿ ಅಲಮಾರಿನದ್ದು. ಸೀಟಿಗೆ ತೆಂಗಿನ ನಾರು ತುಂಬಿಸಿ, ಶುಕೂರನ ತಾಯಿ ಮೈಮೂನಮ್ಮ ಹೊಲಿದು ಕೊಟ್ಟರು. ರೇಡಿಯೇಟರು ಸೋರುತ್ತಿತ್ತು. ಎಷ್ಟು ಬೆಸುಗೆ ಹಾಕಿದರೂ ನಿಲ್ಲದು. ಕೊನೆಗೆ ಅದಕ್ಕೆ ಮದ್ದು ಕೊಟ್ಟದ್ದು ಕೆಂಪು ಹೇಂಟೆ. ಬಿಸಿ ನೀರಿಗೆ ಮೊಟ್ಟೆಯ ಬಿಳಿ ಹಾಕಿದರೆ ಅದು ಬೆಂದು ತೂತು ಮುಚ್ಚುತ್ತದೆ. ಹೇಂಟೆ ಬೇರೆ ಎಲ್ಲಿಯೂ ಮೊಟ್ಟೆ ಇಡುತ್ತಿರಲಿಲ್ಲ, ಹಿಂದಿನ ಸೀಟಿನಲ್ಲಿಯೇ. "ತನ್ನ ಬಾಡಿಗೆ ಕೊಡ್ತದೆ," ಅನ್ನುತ್ತಿದ್ದ ಜತ್ತಪ್ಪ.

ಬ್ರೇಕು ಮಾತ್ರ ಪೂರ್ತಿ ಸರಿ ಆಗಲಿಲ್ಲ. ಸಮ ನೆಲದಲ್ಲಿ ಹಿಡಿಯುತ್ತಿತ್ತು, ಅಂಗಳದ ಏರಿನಲ್ಲಿ ನಿಂತರೆ ಹಿಂದಕ್ಕೆ ಜಾರುತ್ತಿತ್ತು. ಅದಕ್ಕೆ ಒಂದು ಹಲಸಿನ ಮರದ ತುಂಡು ಮಾಡಿ ನನ್ನ ಕೈಗೆ ಕೊಟ್ಟ. ಕಾರು ನಿಂತ ಕೂಡಲೇ ನಾನು ಇಳಿದು ಚಕ್ರದ ಹಿಂದೆ ತುಂಡು ಕೊಡುವುದು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಆ ಕೆಲಸವನ್ನು ನಾನು ಚೆನ್ನಾಗಿಯೇ ಕಲಿತೆ.

ಕಾರು ಅಂಗಳದಲ್ಲಿ ನಾಲ್ಕು ಸುತ್ತು ಓಡಿದ ವಾರವೇ ಬೊಂಬಾಯಿಯ ಮಗ ಬಂದರು. ರಮಾನಾಥ ಶೆಣೈ, ಕನ್ನಡಕ, ಬಿಳಿ ಪ್ಯಾಂಟು. ಊರಿಗೆ ರಜೆಯಲ್ಲಿ ಬಂದವರಿಗೆ ಪ್ರಭುಗಳು ಸುದ್ದಿ ಹೇಳಿದ್ದರು.

"ನನ್ನ ತಂದೆಯ ಕಾರು ಇಲ್ಲಿ ಉಂಟಂತೆ. ಕೊಂಡುಹೋಗಲಿಕ್ಕೆ ಬಂದೆ," ಅಂದರು.

ಜತ್ತಪ್ಪ ಒಳಗೆ ಹೋಗಿ ಪಟದ ಹಿಂದಿನ ಕಾಗದ ತಂದ. ಅದರಿಂದ ಎರಡು ಜೀರಿಗೆ ಕಾಳು ಉದುರಿದವು. "ವಾರಸುದಾರರು ಒಪ್ಪಿ ಕೊಟ್ಟಿದ್ದಾರೆ ಶೆಣೈಯವರೇ. ನಿಮ್ಮ ತಂದೆಯವರ ಸ್ವಂತ ಅಳಿಯ."

ಶೆಣೈಯವರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿ ಓದಿದರು. "ಅಳಿಯ ಒಪ್ಪಲಿಕ್ಕೆ ಅವನಿಗೇನು ಹಕ್ಕು? ನಮ್ಮದು ಮಕ್ಕಳಕಟ್ಟು ಜತ್ತಪ್ಪ. ತಂದೆಯದ್ದು ಮಗನಿಗೆ."

ಕೊಂಕಣಿಯವರಲ್ಲಿ ಹಾಗೆ ಅಂತ ನಮಗೆ ಗೊತ್ತಿಲ್ಲದ್ದಲ್ಲ. ದಿನಾ ಅವರ ಅಂಗಡಿಗೆ ಹೋಗುವವರೇ. ಆದರೆ ಆಸ್ತಿ ಅಂದ ಕೂಡಲೇ ನಮ್ಮ ಬಾಯಿಗೆ ಬರುವುದು ಅಳಿಯನೇ. ಜತ್ತಪ್ಪನ ಮುಖ ಗೇಟಿನ ಹತ್ತಿರ ಗಾಡಿ ಬಿಟ್ಟು ಬರುವಾಗ ಹೇಗೆ ಆಗುತ್ತಿತ್ತೋ ಹಾಗೆ ಆಯಿತು.

ಮೊದಲು ಬಾಯಿ ಬಿಟ್ಟವಳು ದಮಯಂತಿ. ಗಂಡನ ಪರ ಮಾತಾಡುತ್ತಾಳೆ ಅಂತ ನಾನು ಎಣಿಸಿದೆ.

"ಎಷ್ಟು ಒಳ್ಳೆಯ ಪದ್ಧತಿ!" ಅಂದಳು. "ಅಪ್ಪನದ್ದು ಮಕ್ಕಳಿಗೆ! ಕೂತುಕೊಳ್ಳಿ ಶೆಣೈಯವರೇ, ಬೆಲ್ಲ ನೀರು ತರ್ತೇನೆ."

"ನೀನು ಯಾರ ಕಡೆ?" ಅಂತ ಕೇಳಿದ ಜತ್ತಪ್ಪ.

"ನ್ಯಾಯದ ಕಡೆ," ಅಂತ ಒಳಗೆ ಹೋದಳು.

ಬೆಲ್ಲ ನೀರು ಕುಡಿದ ಮೇಲೆ ಶೆಣೈಯವರು, ಕಾರು ಬೆಳ್ತಂಗಡಿಯ ಮನೆಯವರೆಗೆ ಓಡುತ್ತದಾ ನೋಡುವ, ಅಲ್ಲಿಂದ ಬೊಂಬಾಯಿಗೆ ಲಾರಿಯಲ್ಲಿ ಕಳಿಸುವ ಅಂದರು. ಜತ್ತಪ್ಪ ಹ್ಯಾಂಡಲು ತಿರುಗಿಸಿದ. ಗೇಟು ದಾಟಿಸುವ ಮೊದಲನೆಯ ಸವಾರಿ, ಅದೂ ಬಿಟ್ಟುಕೊಡಲಿಕ್ಕೆ. ಮುಂದೆ ಇವನೂ ಶೆಣೈಯವರೂ, ಹಿಂದೆ ನಾನು, ಮರದ ತುಂಡು, ಕೆಂಪು ಹೇಂಟೆ.

"ಈ ಹಗ್ಗ ಯಾಕೆ?" ಅಂದರು ಶೆಣೈಯವರು ಸ್ವಲ್ಪ ದೂರದಲ್ಲಿ.

"ಬಾಗಿಲು. ಗಟ್ಟಿ ಹಿಡ್ಕೊಳ್ಳಿ, ತಿರುವು ಬಂತು."

"ಗೇರಿಗೆ ಯಾಕೆ ಮೊಣಕಾಲು ಕೊಟ್ಟಿದ್ದೀಯ?"

"ತೆಗೆದರೆ ಜಾರ್ತದೆ."

"ಬ್ರೇಕು?"

"ಅದು ಹಿಂದೆ ಅಕ್ಕ ನೋಡ್ಕೊಳ್ತಾಳೆ."

ಪುಂಜಾಲಕಟ್ಟೆಯ ಏರಿನಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದು ಕಾರು ನಿಂತಿತು. ನಾನು ಹಾರಿ ತುಂಡು ಕೊಟ್ಟೆ. ರೇಡಿಯೇಟರು ಮತ್ತೆ ಸೋರುತ್ತಿತ್ತು. ಜತ್ತಪ್ಪ ಹಿಂದಿನ ಸೀಟಿಗೆ ಕೈ ಹಾಕಿ, ಹೇಂಟೆಯನ್ನು ಎತ್ತಿ, ಬೆಚ್ಚಗಿನ ಮೊಟ್ಟೆ ತೆಗೆದು, ಬಿಳಿಯನ್ನು ಒಳಗೆ ಬಿಟ್ಟ. ಶೆಣೈಯವರು ಕಲ್ಲಿನ ಮೇಲೆ ಕೂತು ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ನಗಲಿಕ್ಕೆ ಸುರು ಮಾಡಿದರು.

"ಇದೇ ಏರಿನಲ್ಲಿ ಅಪ್ಪನೂ ನಿಲ್ಲುತ್ತಿದ್ದರು. ಅಪ್ಪ ಇದರಲ್ಲಿ ಕೂತದ್ದಕ್ಕಿಂತ ದೂಡಿದ್ದೇ ಹೆಚ್ಚು. ಕಾಯಿಲೆಯವರನ್ನೂ ಇಳಿಸಿ ದೂಡಿಸುತ್ತಿದ್ದರು. ಬೆವರು ಬಂದರೆ ಜ್ವರ ಬಿಡ್ತದೆ ಅಂತ." ಆಮೇಲೆ ಕೇಳಿದರು, "ನಿಜ ಹೇಳು ಜತ್ತಪ್ಪ, ಇದರಲ್ಲಿ ಅಪ್ಪನದ್ದು ಎಷ್ಟು ಉಳಿದಿದೆ?"

ಸುಳ್ಳು ಹೇಳಬಹುದಿತ್ತು. ಜತ್ತಪ್ಪ ಕಾರಿನ ಸುತ್ತ ನಡೆದು, ಒಂದೊಂದನ್ನೇ ಮುಟ್ಟಿ ಹೇಳಿದ. ಇದು ಅಕ್ಕಿ ಮಿಲ್ಲಿನದ್ದು, ಇದು ಬಸ್ಸಿನದ್ದು, ಇದು ನಾನು ಮಾಡಿದ್ದು. ಕೊನೆಗೆ ಡ್ರೈವರನ ಬಾಗಿಲ ಹತ್ತಿರ ನಿಂತ. "ತಗಡು, ಚಕ್ರ, ಸ್ಟೇರಿಂಗು ಹಿಂದಿನದ್ದೇ. ಆದರೆ ನಾನು ಕೈ ಹಚ್ಚದೆ ಬಿಟ್ಟದ್ದು ಇದೊಂದೇ, ಈ ಹಾರ್ನು. ರಬ್ಬರಿನ ಉಂಡೆ ಮಾತ್ರ ಶುಕೂರನದ್ದು."

ಶೆಣೈಯವರು ಎದ್ದು ಬಂದು ಉಂಡೆ ಹಿಸುಕಿದರು. "ಪೋಂಕ್" ಅಂತು. ಇನ್ನೊಮ್ಮೆ ಹಿಸುಕಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಈ ಸದ್ದು ಕೇಳಿದರೆ ಅಮ್ಮ ಅಪ್ಪನ ಊಟಕ್ಕೆ ಎಲೆ ಹಾಕುತ್ತಿದ್ದಳು," ಅಂದರು.

ಜತ್ತಪ್ಪ ಸ್ಪಾನರು ತೆಗೆದು, ಕೇಳದೆಯೇ ಹಾರ್ನು ಬಿಚ್ಚಿ ಅವರ ಕೈಗೆ ಇಟ್ಟ. ಉಂಡೆಯನ್ನೂ ಬಿಟ್ಟುಕೊಟ್ಟ.

ಶೆಣೈಯವರು ಬಾನೆಟ್ಟಿನ ಮೇಲೆಯೇ, ಕಾರು ಜತ್ತಪ್ಪನಿಗೆ ಅಂತ ಕಾಗದ ಬರೆದರು. ಇದು ಕಚೇರಿಗೆ ಆಗುವ ಕಾಗದ, ಜೀರಿಗೆಯದ್ದಲ್ಲ. ಬರೆದು ಮುಗಿಸಿ ತಲೆ ಎತ್ತಿ, "ನಿನ್ನ ನಂತರ ಯಾರಿಗೆ? ಅಳಿಯನಿಗೋ, ಮಗಳಿಗೋ?" ಅಂತ ತಮಾಷೆಗೆ ಕೇಳಿದರು.

ಜತ್ತಪ್ಪ ನನ್ನನ್ನು ನೋಡಿದ. ಮನೆಯಲ್ಲಿದ್ದ ದಮಯಂತಿಯನ್ನು ನೆನಪು ಮಾಡಿಕೊಂಡನೋ ಏನೋ, ಬಂಟ್ವಾಳದ ಕಡೆಗೂ ಒಮ್ಮೆ ನೋಡಿದ. "ಹೇಂಟೆಗೆ," ಅಂದ. "ಅದೇ ಮೊದಲಿನಿಂದ ಇದ್ದದ್ದು."

ಶೆಣೈಯವರನ್ನು ಬೆಳ್ತಂಗಡಿಯಲ್ಲಿ ಇಳಿಸಿ ಹಿಂದೆ ಬರುವಾಗ ಹಾರ್ನು ಇಲ್ಲ. ಜತ್ತಪ್ಪ ಸ್ಟೇರಿಂಗು ಬಿಡುವ ಹಾಗಿಲ್ಲ, ಮೊಣಕಾಲು ತೆಗೆಯುವ ಹಾಗಿಲ್ಲ. ದಾರಿಯುದ್ದಕ್ಕೂ ಕಿಟಕಿಯಿಂದ ತಲೆ ಹೊರಗೆ ಹಾಕಿ "ಹೋಯ್, ಸೈಡು, ಸೈಡು" ಅಂತ ಬೊಬ್ಬೆ ಹೊಡೆದದ್ದು ನಾನೇ. ಪೇಟೆಯಲ್ಲಿ ಗ್ಯಾರೇಜಿನ ಮುಂದೆ ಬಂದಾಗ ಅವನು ಕಾರು ನಿಧಾನ ಮಾಡಿದ. ನಿಲ್ಲಿಸಲಿಲ್ಲ. ಆ ಗೇಟನ್ನು ದಾಟಿ, ನೆಟ್ಟಗೆ ಮನೆಗೆ ಬಂದ.

ಮರುದಿನ ಬೆಳಿಗ್ಗೆ ನಾನು ಅಂಗಳ ಗುಡಿಸಿ, ತೌಡು ಕಲಸಿ, ಕಾರಿನ ಹಿಂದಿನ ಬಾಗಿಲು ತೆರೆದೆ. ಹೇಂಟೆಯ ಮುಂದೆ ತೌಡು ತುಂಬಿದ ತೆಂಗಿನ ಗೆರಟೆ ಇಟ್ಟು, ಅದರ ಅಡಿಗೆ ಕೈ ಹಾಕಿ ಮೊಟ್ಟೆ ತೆಗೆದು, ಸೆರಗಿನಲ್ಲಿ ಒರೆಸಿ, ಮುಂದಿನ ಸವಾರಿಗೆ ರೇಡಿಯೇಟರಿಗೆ ಬೇಕಾದೀತು ಅಂತ ಒಳಗೆ ಅಕ್ಕಿಯ ಡಬ್ಬಿಯಲ್ಲಿ ಹೂತಿಟ್ಟೆ.