ದೀಪಸ್ತಂಭದ ತಿರುವು

ಇಂಗ್ಲೆಂಡಿನ ವಿಗನ್ ಊರಿನಲ್ಲಿ ನೆವಿಲ್ ಆಷರ್ಸ್ಟ್‌ನಿಂದ ಕಾರು ಕಲಿಯದವರ ಮನೆ ಸಿಗುವುದು ಕಷ್ಟ. ಪಕ್ಕದ ಸೀಟಿನಲ್ಲಿ ಕೂತು, ಮಡಿಲಲ್ಲಿ ಒಂದು ಪುಸ್ತಕವಿಟ್ಟುಕೊಂಡು, "ಕನ್ನಡಿ ನೋಡಮ್ಮಾ, ಆಮೇಲೆ ಸಿಗ್ನಲ್ಲು, ಆಮೇಲೆ ತಿರುಗ್ಸು, ಅವಸರ ಏನೂ ಇಲ್ಲ" ಎಂದು ಒಂದೇ ರಾಗದಲ್ಲಿ ಹೇಳುತ್ತಿದ್ದ. ಗಾಡಿ ಮೂವತ್ತು ಮೈಲಿ ವೇಗ ಮುಟ್ಟುವ ಮೊದಲೇ ಅವನ ಕಾಲು ತನ್ನ ಕಡೆಯ ಬ್ರೇಕಿನ ಮೇಲೆ ಹೋಗಿ ಕೂರುತ್ತಿತ್ತು. ಕಲಿಯಲು ಬಂದ ಹುಡುಗಿಯರು ಬೆನ್ನ ಹಿಂದೆ ಅವನನ್ನು ಆಮೆ ಎಂದು ಕರೆಯುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಬೇಜಾರಿರಲಿಲ್ಲ.

ಆ ಆಮೆ ಸಂಜೆ ಮನೆಗೆ ಬಂದು, ಟೀ ಕುಡಿದು, ಟೀವಿಯ ಮುಂದೆ ನೆಲದ ಮೇಲೆ ಕೂತರೆ ಬೇರೆಯೇ ಪ್ರಾಣಿ. ತೊಂಬತ್ತಾರನೇ ಇಸವಿಯಲ್ಲಿ ಬಂದ 'ಟರ್ಬೊ ಕೋರ್ನಿಶ್' ಎಂಬ ಕಾರು ಓಟದ ಆಟ ಅವನ ತಲೆಗೆ ಹತ್ತಿತ್ತು. ಸಮುದ್ರದ ಪಕ್ಕದ ರಸ್ತೆ, ಮೂರು ಸುರಂಗ, ತಾಳೆಮರ, ಹಳದಿ ಕಾರು, "ಬಿಡಬೇಡ, ಬಿಡಬೇಡ!" ಎಂದು ಕಿರುಚುವ ಒಂದು ದನಿ. ಸುತ್ತು ಮುಗಿಯುವ ಮುನ್ನ ದೀಪಸ್ತಂಭವನ್ನು ಬಳಸಿ ಹೋಗುವ ಒಂದು ಕಡಿದಾದ ತಿರುವು. ಎಂಥ ಚತುರನಾದರೂ ಅಲ್ಲಿ ಬ್ರೇಕು ಒತ್ತಲೇಬೇಕಿತ್ತು. ಆಡುವವರೆಲ್ಲರ ಹೊತ್ತನ್ನು ತಿನ್ನುತ್ತಿದ್ದದ್ದು ಅದೇ ತಿರುವು.

ಆಗ ಆಟಗಳಿಗೆಂದೇ ಬರುತ್ತಿದ್ದ ಒಂದು ಮಾಸಪತ್ರಿಕೆ ಕೊನೆಯ ಪುಟದಲ್ಲಿ ದೇಶದ ಹತ್ತು ವೇಗದ ಸುತ್ತುಗಳ ಪಟ್ಟಿ ಹಾಕುತ್ತಿತ್ತು. ಪರದೆ ಎಳೆದು, ಕೋಣೆ ಕತ್ತಲು ಮಾಡಿ, ಟೀವಿಯ ಮೇಲೆ ಬಂದ ಅಂಕಿಯ ಫೋಟೋ ತೆಗೆದು ಕಳಿಸಿದರೆ ಸಾಕು. ಆ ಪಟ್ಟಿಯಲ್ಲಿ ನೆವಿಲ್ ಆರನೆಯವನು. ಅವನಿಗಿಂತ ಮೇಲೆ, ಮೂರನೆಯ ಸಾಲಿನಲ್ಲಿ ಒಂದು ಹೆಸರಿತ್ತು: ಬೆರಿಲ್ ಟ್ರಾನ್ಮರ್, ಗ್ರಿಮ್ಸ್‌ಬಿ.

ಕುತೂಹಲ ತಡೆಯಲಾರದೆ ಪತ್ರಿಕೆಯ ಮೂಲಕ ಅವಳಿಗೊಂದು ಕಾಗದ ಹಾಕಿದ. ಎರಡನೇ ವಾರಕ್ಕೆ ಉತ್ತರ ಬಂತು. ಬೆರಿಲ್‌ಗೆ ನಲವತ್ತೇಳು ವರ್ಷ, ಅವನಿಗಿಂತ ಹದಿಮೂರು ವರ್ಷಕ್ಕೆ ದೊಡ್ಡವಳು. ಮೀನಿನ ಕಾರ್ಖಾನೆಯಲ್ಲಿ ಹ್ಯಾಡಕ್ ಮೀನಿನ ಮುಳ್ಳು ಬಿಡಿಸುವ ಕೆಲಸ. ಮದುವೆಯಾಗಿರಲಿಲ್ಲ, ಮನೆಯಲ್ಲಿ ಕಾಯಿಲೆಯ ತಾಯಿ. "ಕ್ಲಬ್ಬಿನ ಲಾಟರಿಯಲ್ಲಿ ಮೊದಲ ಬಹುಮಾನ ಹಂದಿಯ ತೊಡೆ, ಎರಡನೆಯದು ಈ ಆಟದ ಪೆಟ್ಟಿಗೆ. ನನ್ನ ಕಣ್ಣಿದ್ದದ್ದು ತೊಡೆಯ ಮೇಲೆ, ಸಿಕ್ಕಿದ್ದು ಪೆಟ್ಟಿಗೆ. ಅಮ್ಮ ಒಂದು ವಾರ ಮಾತು ಬಿಟ್ಟಳು" ಎಂದು ಬರೆದಿದ್ದಳು.

ಅಂದಿನಿಂದ ವಾರಕ್ಕೊಂದು ಕಾಗದ. ಮೊದಮೊದಲು ಸುರಂಗ, ಗೇರು, ತಿರುವುಗಳ ಮಾತು. ಆಮೇಲೆ ಅವಳ ತಾಯಿ ಮಾತ್ರೆಗಳನ್ನು ಹೂವಿನ ಕುಂಡದಲ್ಲಿ ಹೂಳುತ್ತಿದ್ದ ವಿಚಾರ, ಅವನ ಶಿಷ್ಯನೊಬ್ಬ ಪರೀಕ್ಷೆಯ ದಿನ ಪರೀಕ್ಷಕನನ್ನೇ ರಸ್ತೆಯಲ್ಲಿ ಬಿಟ್ಟು ಹೊರಟ ವಿಚಾರ. ನೆವಿಲ್ ಅವುಗಳನ್ನು ಹೆಂಡತಿ ಪಾಲಿನ್‌ಗೆ ಊಟದ ಮೇಜಿನಲ್ಲಿ ಓದಿ ಹೇಳುತ್ತಿದ್ದ. ಪಾಲಿನ್‌ಗೆ ಆಟ ಅಂದರೆ ತಲೆನೋವು. ಬೆರಿಲ್ ಅಂದರೆ ಇಷ್ಟ.

ಮುಂದಿನ ಫೆಬ್ರವರಿಯಲ್ಲಿ ಬಂದ ಕಾಗದದಲ್ಲಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿದ್ದವು. ಆಡುತ್ತಿದ್ದಾಗ ಮೇಲಿನ ಕೋಣೆಯಿಂದ ತಾಯಿ ಕೂಗಿದಳಂತೆ. ತಿರುಗಿ ನೋಡುವಾಗ ಬೆರಳು ಜಾರಿ ಗೇರು ನಾಲ್ಕರಿಂದ ಎರಡಕ್ಕೆ ಬಿತ್ತು, ಕಾರಿನ ಹಿಂಭಾಗ ತಡೆಗೋಡೆಯನ್ನು ಸವರಿತು, ಗಾಡಿ ಬುಗುರಿಯ ಹಾಗೆ ಅರ್ಧ ಸುತ್ತಿ, ಒಂದು ಮೈಲಿಯೂ ವೇಗ ಕಳೆದುಕೊಳ್ಳದೆ ದೀಪಸ್ತಂಭ ದಾಟಿಬಿಟ್ಟಿತು. ಅದನ್ನು ಬೇಕೆಂದೇ ಮಾಡಲು ಕಲಿಯಲು ಅವಳಿಗೆ ಹನ್ನೊಂದು ದಿನ ಹಿಡಿಯಿತು. ಹೇಗೆಂದು ಚಿತ್ರ ಬರೆದು ತೋರಿಸಿದ್ದಳು. ಕೊನೆಗೆ, "ನನ್ನ ಕ್ಯಾಮೆರಾದಲ್ಲಿ ಇನ್ನೂ ಎಂಟು ಫೋಟೋ ಉಳಿದಿವೆ. ಈಸ್ಟರಿಗೆ ತಂಗಿಯ ಮಗುವಿನ ನಾಮಕರಣ, ಅಲ್ಲಿ ರೀಲು ಮುಗಿಸಿ ತೊಳೆಸುತ್ತೇನೆ. ಅಲ್ಲಿಯವರೆಗೆ ಇದು ನಿನ್ನ ಹೊಟ್ಟೆಯಲ್ಲೇ ಇರಲಿ" ಎಂದಿತ್ತು.

ನೆವಿಲ್ ಆ ಶನಿವಾರ ಮಧ್ಯಾಹ್ನವಿಡೀ ಕೂತು ಕಲಿತ. ನಾಲ್ಕು ಗಂಟೆಯ ಹೊತ್ತಿಗೆ ದೇಶದಲ್ಲಿ ಯಾರೂ ಕಾಣದ ಅಂಕಿ ಅವನ ಟೀವಿಯ ಮೇಲೆ ಇತ್ತು. ಬೆರಿಲ್‌ಗೆ ತೋರಿಸೋಣವೆಂದು ಫೋಟೋ ತೆಗೆದ. ತೆಗೆಯುವಾಗ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ. ಅದನ್ನು ಅವನು ಯಾರ ಮುಂದೆ ಬೇಕಾದರೂ ಆಣೆಯಿಟ್ಟು ಹೇಳಬಲ್ಲ. ಆದರೆ ಫೋಟೋ ತೊಳೆದು ಬಂದ ದಿನ ಅವನು ಬರೆದ ವಿಳಾಸ ಗ್ರಿಮ್ಸ್‌ಬಿಯದಲ್ಲ, ಪತ್ರಿಕೆಯದು. ಜೊತೆಗೆ ತಿರುವಿನ ವಿವರಣೆಯನ್ನೂ ಇಟ್ಟ. ಅಂಚೆಪೆಟ್ಟಿಗೆಯ ಬಾಯಿಯಲ್ಲಿ ಕೈ ಒಂದು ಕ್ಷಣ ನಿಂತಿತು. ಹಿಂದೆ ಯಾರೋ ಹೆಂಗಸು "ಆಯ್ತಾ ಸ್ವಾಮಿ?" ಎಂದಳು. ಬಿಟ್ಟುಬಿಟ್ಟ.

ಮೇ ತಿಂಗಳ ಸಂಚಿಕೆಯಲ್ಲಿ ಪೂರ್ತಿ ಒಂದು ಪುಟ. ದೊಡ್ಡ ಅಕ್ಷರದಲ್ಲಿ 'ಆಷರ್ಸ್ಟ್ ತಿರುವು'. ಹೇಗೆ ಹೊಳೆಯಿತೆಂದು ಪತ್ರಿಕೆಯವರು ದೂರವಾಣಿಯಲ್ಲಿ ಕೇಳಿದ್ದಾಗ, "ಆಡ್ತಾ ಇದ್ದೆ, ಫೋನ್ ಬಡ್ಕೊಳ್ತು, ಬೆರಳು ಜಾರ್ತು" ಎಂದಿದ್ದ. ಬೆರಿಲ್ ತಾಯಿಯ ಕೂಗನ್ನೂ ಬಿಟ್ಟಿರಲಿಲ್ಲ, ಅದನ್ನು ಫೋನಿನ ಸದ್ದಾಗಿ ಬದಲಿಸಿದ್ದ. ಜೂನ್ ಸಂಚಿಕೆಯ ಪಟ್ಟಿಯಲ್ಲಿ ಎರಡನೆಯ ಸಾಲಿಗೆ ಬೆರಿಲ್ ಬಂದಿದ್ದಳು. ಹೆಸರಿನ ಮುಂದೆ ಸಣ್ಣ ಅಕ್ಷರದಲ್ಲಿ, 'ಆಷರ್ಸ್ಟ್ ತಿರುವನ್ನು ಬಳಸಿ' ಎಂದಿತ್ತು. ಆ ಮೂರು ಪದ ನೋಡಿ ನೆವಿಲ್ ಪತ್ರಿಕೆಯನ್ನು ಮಡಚಿ ಸೋಫಾದ ದಿಂಬಿನ ಕೆಳಗೆ ತುರುಕಿದ.

ಬೈಗುಳ ಬರುತ್ತದೆಂದು ಕಾದ. ಬಂದದ್ದು ಎಂದಿನಂಥ ಕಾಗದ. ಅಮ್ಮ ಬಿದ್ದು ಸೊಂಟ ಮುರಿದುಕೊಂಡಿದ್ದಾಳೆ, ಕಾರ್ಖಾನೆಯಲ್ಲಿ ಅರ್ಧ ದಿನದ ಪಾಳಿ ಕೇಳಿದ್ದೇನೆ, ಮೊದಲ ಸ್ಥಾನಕ್ಕೆ ಅಭಿನಂದನೆ, ಬರೆಯುತ್ತಿರು. ತಿರುವಿನ ಸುದ್ದಿಯೇ ಇಲ್ಲ. ಬೈದಿದ್ದರೆ ಕ್ಷಮೆ ಕೇಳಿ ಬರೆಯುತ್ತಿದ್ದನೇನೋ. ಇದಕ್ಕೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ನಾಳೆ ಬರೆಯೋಣ ಎಂದ. ಇನ್ನೆರಡು ಕಾಗದ ಬಂದವು. ಎರಡನೆಯದು ಅರ್ಧ ಪುಟ. ಆಮೇಲೆ ಬರಲಿಲ್ಲ.

"ನಿನ್ನ ಗ್ರಿಮ್ಸ್‌ಬಿ ಗೆಳತಿ ಎಲ್ಲಿ? ಕಾಗದಾನೇ ಇಲ್ವಲ್ಲ" ಎಂದು ಪಾಲಿನ್ ಕೇಳಿದಳು.

"ಅವಳಿಗೆ ಆಟ ಬೇಜಾರಾಯ್ತಂತೆ ಕಣೇ" ಎಂದ ನೆವಿಲ್.

ಹಾಗೆ ಇಪ್ಪತ್ತೆರಡು ವರ್ಷ ಕಳೆಯಿತು. ಪತ್ರಿಕೆ ನಿಂತಿತು, ಆಟದ ಪೆಟ್ಟಿಗೆ ಅಟ್ಟ ಸೇರಿತು. ಆದರೆ ತಿರುವು ಸಾಯಲಿಲ್ಲ. ಹಳೆಯ ಆಟಗಳ ಹುಚ್ಚಿನ ಹೊಸ ಪೀಳಿಗೆ ಅದನ್ನು ಇಂಟರ್ನೆಟ್ಟಿನಲ್ಲಿ ಎತ್ತಿಕೊಂಡಿತು. ನಾರ್ವೆಯವರು, ಬ್ರೆಜಿಲ್‌ನವರು 'ಆಷರ್ಸ್ಟ್' ಎನ್ನುತ್ತಿದ್ದರು. ಕಲಿಯಲು ಬಂದ ಹುಡುಗಿಯೊಬ್ಬಳು ಗಾಡಿ ನಿಲ್ಲಿಸಿ, "ಸರ್, ಆ ಆಷರ್ಸ್ಟ್ ನೀವೇನಾ? ನಮ್ಮಣ್ಣ ನಂಬಲ್ಲ!" ಎಂದು ಜೊತೆಗೆ ಫೋಟೋ ತೆಗೆಸಿಕೊಂಡಳು. ಅವನು ನಕ್ಕ. ಬೇಗನೆ ಮಾತನ್ನು ಪಾಠದ ಕಡೆ ತಿರುಗಿಸಿದ.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಡಾಂಕಾಸ್ಟರ್‌ನಲ್ಲಿ ಹಳೆಯ ಆಟಗಳ ಮೇಳ ನಡೆಸುವ ಕಾಲಮ್ ಪ್ರೌಟ್ ಎಂಬುವನು ಫೋನು ಮಾಡಿದ. "ನೀವು ವೇದಿಕೆ ಮೇಲೆ ಬಂದು ಒಂದೇ ಒಂದು ಸಲ ತಿರುವು ಹಾಕಿದ್ರೆ ಸಾಕು ಸಾರ್, ಜನ ಕುಣಿದಾಡಿಬಿಡ್ತಾರೆ" ಎಂದ. ನೆವಿಲ್ ಒಪ್ಪಿಕೊಂಡ. ಒಪ್ಪಿಕೊಂಡ ಮೇಲೆ ಅನ್ನ ಸೇರದಾಯಿತು. ಮಾಂಸದ ಪೈ ತಟ್ಟೆಯಲ್ಲೇ ಆರುತ್ತಿತ್ತು.

ಭಾನುವಾರ ಪಾಲಿನ್‌ಳನ್ನು ಅವಳ ಅಕ್ಕನ ಮನೆಗೆ ಕರೆದೊಯ್ಯುವಾಗ ದಾರಿಯಲ್ಲಿ ಇದ್ದಕ್ಕಿದ್ದಂತೆ ಎಲ್ಲವನ್ನೂ ಹೇಳಿಬಿಟ್ಟ. ಪಾಲಿನ್ ಕೂತಿದ್ದದ್ದು ಅವನು ದಿನಾ ಕೂರುವ ಜಾಗ. ಮಾತು ಮುಗಿಯುವ ಮೊದಲೇ ಅವಳು ತನ್ನ ಕಾಲ ಕೆಳಗಿದ್ದ ಬ್ರೇಕನ್ನು ತುಳಿದಳು. ಗಾಡಿ ಬಸ್‌ಸ್ಟಾಪಿನ ಮುಂದೆ ಗಕ್ಕನೆ ನಿಂತಿತು.

"ಅವಳಿಗೆ ಆಟ ಬೇಜಾರಾಯ್ತು ಅಂದೆ ನೀನು! ನಾನು ಇಷ್ಟು ವರ್ಷ ಅವಳಿಗೆ ಸೊಕ್ಕು ಅಂದ್ಕೊಂಡಿದ್ದೆ ಕಣೋ."

"ಏನ್ ಮಾಡ್ಲಿ ಹೇಳು ಈಗ."

"ಮೇಳದಲ್ಲಿ ಹೇಳೋಕೆ ಮುಂಚೆ ಅವಳ ಮನೆ ಬಾಗಿಲಿಗೆ ಹೋಗಿ ಹೇಳು. ಬದುಕಿದ್ರೆ."

ಬೆರಿಲ್ ಬದುಕಿದ್ದಳು. ವಿಳಾಸವೂ ಬದಲಾಗಿರಲಿಲ್ಲ. ಮುಂದಿನ ಮಂಗಳವಾರ ಪಾಠಗಳನ್ನೆಲ್ಲ ರದ್ದು ಮಾಡಿ ನೆವಿಲ್ ಗ್ರಿಮ್ಸ್‌ಬಿಗೆ ಹೋದ. ಬಾಗಿಲು ತೆಗೆದದ್ದು ಗಿಡ್ಡ, ಗಟ್ಟಿಮುಟ್ಟಾದ, ಬಿಳಿಗೂದಲಿನ ಹೆಂಗಸು. ಇಬ್ಬರೂ ಒಬ್ಬರನ್ನೊಬ್ಬರು ಎಂದೂ ನೋಡಿರಲಿಲ್ಲ. ಅವನು ಹೆಸರು ಹೇಳಿದ. ಅವಳು ಮೇಲಿಂದ ಕೆಳಗಿನವರೆಗೆ ನೋಡಿದಳು.

"ನೀನು ಇನ್ನೂ ಸ್ವಲ್ಪ ಎತ್ತರ ಇರ್ತೀಯಾ ಅಂದ್ಕೊಂಡಿದ್ದೆ. ಒಳಗೆ ಬಾ, ಗಾಳಿ ಬರ್ತಿದೆ."

ಟೀ ಬಂತು. ಅವನು ಬಟ್ಟಲನ್ನು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾದವು. "ಆ ತಿರುವು ನಿಮ್ಮದು ಬೆರಿಲ್. ನಾನು ಕದ್ದೆ" ಎಂದಷ್ಟೇ ಹೊರಬಂತು.

"ಅದು ನಂಗೊತ್ತಿಲ್ವೇನೋ? ಚಿತ್ರ ಬರೆದು ಕಳಿಸಿದ್ದು ನಾನೇ ಅಲ್ವಾ!" ಎಂದಳು ಬೆರಿಲ್. "ಆ ಪತ್ರಿಕೆ ಕಾರ್ಖಾನೆಗೆ ತಗೊಂಡು ಹೋಗಿದ್ದೆ. ಬಿಡುವಿನಲ್ಲಿ ತೆಗೆದು ನೋಡ್ತೀನಿ, ನಿನ್ನ ಹೆಸರು. ಆವತ್ತು ಕೈಗೆ ಬಂದ ಒಂದೊಂದು ಹ್ಯಾಡಕ್ಕಿಗೂ ನೆವಿಲ್ ಅಂತ ಹೆಸರಿಟ್ಟು ಸೀಳಿದೆ. ಪಕ್ಕದವಳು ಹೆದರಿ ದೂರ ಹೋದ್ಲು."

ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

"ಮತ್ತೆ ಕಾಗದದಲ್ಲಿ ಒಂದು ಮಾತೂ ಬೈಲಿಲ್ವಲ್ಲ ನೀವು?"

"ಬೈದ್ರೆ ನೀನು ಬರೆಯೋದು ನಿಲ್ಲಿಸ್ತೀಯಾ ಅಂತ." ಅವಳು ಕಿಟಕಿಯ ಕಡೆ ನೋಡುತ್ತ ಹೇಳಿದಳು. "ಅಮ್ಮ ಮಂಚ ಹಿಡಿದಿದ್ಲು. ಬೆಳಗ್ಗೆ ಮೀನು, ಮಧ್ಯಾಹ್ನದಿಂದ ಅಮ್ಮ. ಗುರುವಾರ ಬಂದ್ರೆ ನಿನ್ನ ಕಾಗದ. ಅಮ್ಮಂಗೂ ಓದಿ ಹೇಳ್ತಿದ್ದೆ. ಪರೀಕ್ಷಕನ್ನ ರಸ್ತೇಲಿ ಬಿಟ್ಟು ಹೋದನಲ್ಲ, ಅದನ್ನ ನಾಲ್ಕು ಸಲ ಓದಿಸಿದ್ಲು. ತಿರುವು ಹೋದ್ರೆ ಹೋಗ್ಲಿ, ಕಾಗದ ಬರ್ಲಿ ಅಂತ ನುಂಗಿಕೊಂಡೆ. ನೀನು ಎರಡೂ ತಗೊಂಡುಹೋದೆ."

ನೆವಿಲ್ ಟೀ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. ಇಷ್ಟು ವರ್ಷ ತಾನು ಹೊತ್ತದ್ದು ಒಂದು ತಪ್ಪು ಎಂದುಕೊಂಡಿದ್ದ. ನಾಚಿಕೆಯಿಂದ ಸುಮ್ಮನಾದದ್ದನ್ನು ಅವನು ತಪ್ಪುಗಳ ಸಾಲಿಗೆ ಸೇರಿಸಿಯೇ ಇರಲಿಲ್ಲ; ಅದು ತನಗೆ ತಾನೇ ವಿಧಿಸಿಕೊಂಡ ಶಿಕ್ಷೆ ಎಂದೇ ತಿಳಿದಿದ್ದ. ಆ ಶಿಕ್ಷೆಯನ್ನು ಅನುಭವಿಸಿದವಳು ಇಲ್ಲಿ ಕೂತಿದ್ದಾಳೆ.

"ಅಮ್ಮ ಎಷ್ಟು ದಿನ..." ಎಂದು ಶುರು ಮಾಡಿದ.

"ಅದನ್ನ ಇವತ್ತು ಕೇಳಬೇಡ. ಅಷ್ಟು ಹಕ್ಕು ನಿಂಗಿಲ್ಲ ಇನ್ನೂ" ಎಂದಳು ಬೆರಿಲ್. ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಮೇಳಕ್ಕೆ ಬನ್ನಿ, ವೇದಿಕೆಯ ಮೇಲೆ ನೀವೇ ಹಾಕಿ ತೋರಿಸಿ ಎಂದು ಬೇಡಿಕೊಂಡ. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು. ಮೂವತ್ತೈದು ವರ್ಷ ಮಂಜುಗಡ್ಡೆಯ ನೀರಲ್ಲಿ ಆಡಿದ ಕೈ. ಗಂಟುಗಳು ಉಬ್ಬಿ ಬೆರಳುಗಳು ಒಂದೊಂದು ದಿಕ್ಕಿಗೆ ವಾಲಿದ್ದವು. "ಟೀ ಬಟ್ಟಲು ಹಿಡಿಯೋದೇ ದೊಡ್ಡದು. ಹೋಗು, ನೀನೇ ಹೇಳಿ ಬಾ. ಚೆನ್ನಾಗಿ ಹೇಳು, ಗೊಣಗಬೇಡ."

ಡಾಂಕಾಸ್ಟರ್‌ನ ಸಭಾಂಗಣದಲ್ಲಿ ಮುನ್ನೂರು ಜನ ಸೇರಿದ್ದರು. ಬೆಳಗಿನ ಹನ್ನೊಂದು ಗಂಟೆ. ಕಾಲಮ್ ಅವನನ್ನು ರಾಜನ ಹಾಗೆ ಪರಿಚಯಿಸಿದ. ನೆವಿಲ್ ಆಟದ ಹಿಡಿಯನ್ನು ಕೆಳಗಿಟ್ಟು ಮೈಕ್ ತೆಗೆದುಕೊಂಡ. "ಈ ತಿರುವು ಕಂಡುಹಿಡಿದಿದ್ದು ಗ್ರಿಮ್ಸ್‌ಬಿಯ ಬೆರಿಲ್ ಟ್ರಾನ್ಮರ್. ನಂಗೆ ನಂಬಿ ಹೇಳಿದ್ರು, ನಾನು ಅವರಿಗಿಂತ ಮೊದಲು ಕಳಿಸಿದೆ. ಫೋನ್ ಬಡ್ಕೊಂಡಿದ್ದೂ ಸುಳ್ಳು, ನಿಜವಾಗಿ ಅವರ ತಾಯಿ ಕೂಗಿದ್ದು" ಎಂದ. ಗೊಣಗಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ "ಥೂ ಕಳ್ಳ!" ಎಂದ. ನೆವಿಲ್‌ಗೆ ಅದು ಹಿತವಾಗಿತ್ತು. ಆದರೆ ಮರುಕ್ಷಣವೇ ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತು ಚಪ್ಪಾಳೆ ತಟ್ಟಿದರು, ನೋಡನೋಡುತ್ತ ಇಡೀ ಸಭಾಂಗಣ ಎದ್ದಿತು. ಎಷ್ಟು ಪ್ರಾಮಾಣಿಕ ಮನುಷ್ಯ, ಎಂಥ ಧೈರ್ಯ ಎಂದು ಜನ ಕೈಕುಲುಕಲು ಸಾಲುಗಟ್ಟಿದರು. ಅವನು ಕಕ್ಕಸಿಗೆ ಹೋಗುವ ನೆವ ಹೇಳಿ ಹಿಂಬಾಗಿಲಿನಿಂದ ಕಾರು ಸೇರಿದ.

ಒಂದು ತಿಂಗಳಲ್ಲಿ ಇಂಟರ್ನೆಟ್ಟಿನ ಪಟ್ಟಿಗಳಲ್ಲೆಲ್ಲ ಹೆಸರು 'ಟ್ರಾನ್ಮರ್ ತಿರುವು' ಎಂದಾಯಿತು. ಎಲ್ಲೆಲ್ಲಿಂದಲೋ ಅಪರಿಚಿತರು ಬೆರಿಲ್‌ಗೆ ಬರೆದರು. ವಿಗನ್‌ನಲ್ಲಿ ಇಬ್ಬರು ಮೂವರು ನೆವಿಲ್‌ನ ಕಾರಿನ ಗಾಜಿಗೆ 'ಕಳ್ಳ' ಎಂದು ಚೀಟಿ ಅಂಟಿಸಿದರು. ಅವನು ಕಿತ್ತು ಜೇಬಿಗೆ ಹಾಕಿಕೊಂಡು ಪಾಠಕ್ಕೆ ಹೋದ. ಪ್ರತಿ ಭಾನುವಾರ ಗ್ರಿಮ್ಸ್‌ಬಿಗೆ ಕಾಗದ ಬರೆದ. ಉತ್ತರ ಬರಲಿಲ್ಲ. ಬರೆಯುವುದನ್ನು ಬಿಡಲಿಲ್ಲ.

ಚಳಿಗಾಲದಲ್ಲಿ ಒಂದು ದಿನ ಫೋನು ಬಂತು.

"ಬರೆಯೋಕೆ ಬೆರಳು ಬಗ್ಗಲ್ಲ ಕಣೋ, ಅದಕ್ಕೆ ಫೋನು" ಎಂದಿತು ಬೆರಿಲ್‌ಳ ದನಿ. "ಮೇಳದ ವಿಡಿಯೋ ನೋಡಿದೆ. ತಪ್ಪು ಒಪ್ಕೊಂಡಿದ್ದಕ್ಕೂ ನಿಂಗೇ ಚಪ್ಪಾಳೆ ಬಿತ್ತಲ್ಲೋ!"

"ಅದನ್ನೂ ನಿಮ್ಮಿಂದ ಕದ್ದ ಹಾಗಾಯ್ತು ಬೆರಿಲ್. ಹಿಂಬಾಗಿಲಿಂದ ಓಡಿಹೋದೆ."

ಆ ಕಡೆಯಿಂದ ನಗುವೋ ಕೆಮ್ಮೋ ಗೊತ್ತಾಗದಂಥ ಸದ್ದು. "ಕೂತ್ಕೊಂಡಿದೀಯಾ? ಕೂತ್ಕೋ. ಅಮ್ಮನ ಸಂಗತಿ ಕೇಳಿದ್ಯಲ್ಲ, ಹೇಳ್ತೀನಿ. ನಡುವೆ ಬಾಯಿ ಹಾಕಬೇಡ."

ನೆವಿಲ್ ಮೆಟ್ಟಿಲ ಮೇಲೆ ಕೂತ. ಅವಳು ಒಂದೂಕಾಲು ಗಂಟೆ ಹೇಳಿದಳು. ಅಡುಗೆಮನೆಯಿಂದ ಪಾಲಿನ್ ಎರಡು ಸಲ ಇಣುಕಿ ನೋಡಿ, ಊಟ ಬಡಿಸದೆ ಒಲೆಯ ಮೇಲೆಯೇ ಬಿಟ್ಟಳು.